ಹಂಪಿ ಪಕ್ಕದ ಹೋಟೆಲ್‌ಗೆ ನಮ್ಮ ಕಡೆಯ ಕೈಕೆಲಸ: ಅಂದಕ್ಕಿಂತ ಮೊದಲು ಒಂದು ಕೆಲಸ ಕೊಡಿ

ಪ್ರಶ್ನೆ: ಹೊಸಪೇಟೆಯಲ್ಲಿ ನಮ್ಮದೊಂದು 24 ಕೋಣೆಗಳ ಹೋಟೆಲ್ ಇದೆ. ಈಗ ಒಳಗಡೆ ಎಲ್ಲ ಕಿತ್ತು ಹೊಸದಾಗಿ ಮಾಡಿಸುತ್ತಿದ್ದೇವೆ. ಆರ್ಕಿಟೆಕ್ಟ್ ಕೊಟ್ಟ ಡಿಸೈನ್ ನೀಟಾಗಿದೆ. ಆದರೆ ಬರೀ ಬೂದು, ಬಿಳಿ. ಯಾವ ಊರಿನ ಹೋಟೆಲ್ ಅಂದರೂ ನಡೆಯುತ್ತದೆ. ನಮ್ಮಣ್ಣನಿಗೆ ಲಾಬಿಯಲ್ಲಿ ಕಲ್ಲಿನ ರಥ, ಕಿನ್ನಾಳದ ಗೊಂಬೆ, ಬಿದರಿ ಹೂಜಿ, ಚನ್ನಪಟ್ಟಣದ ಆಟಿಕೆ, ಇಳಕಲ್ ಸೀರೆ ಎಲ್ಲ ಬೇಕು. ನಮ್ಮ ಕಡೆಯ ಕೈಕೆಲಸ ಕಾಣಬೇಕು, ಹಾಗಂತ ಎಂಪೋರಿಯಂ ಥರ ಆಗಬಾರದು. ಎಲ್ಲಿಂದ ಶುರು ಮಾಡುವುದು?

ಉತ್ತರ:

ಮೊದಲು ರಥದ ವಿಷಯ ಮುಗಿಸಿಬಿಡೋಣ. ನಿಮ್ಮಲ್ಲಿ ಉಳಿಯುವವರು ಮಾರನೇ ದಿನ ಬೆಳಿಗ್ಗೆ ವಿಠ್ಠಲ ದೇವಸ್ಥಾನಕ್ಕೆ ಹೋಗಿ ನಿಜವಾದ ರಥವನ್ನೇ ನೋಡುತ್ತಾರೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲೂ ಅದೇ ಇದೆ. ಅಂದರೆ ಒಂದನ್ನು ಜೇಬಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಫೈಬರ್‌ನಲ್ಲಿ ಎರಕ ಹೊಯ್ದ ಇನ್ನೊಂದು ರಥ ಲಾಬಿಯಲ್ಲಿ ಜಾಗ ತಿನ್ನುತ್ತದೆ, ಧೂಳು ಹಿಡಿಯುತ್ತದೆ, ಅಷ್ಟೇ. ಅಣ್ಣನವರಿಗೆ ಬೇಜಾರಾಗಬಹುದು, ಆದರೂ ಅದನ್ನು ಕೈಬಿಡಿ.

ಉಳಿದ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಕೈಕೆಲಸವನ್ನು ಕೊನೆಗೆ ತಂದು ಗೋಡೆಗೆ ತಗುಲಿಹಾಕಿದರೆ ಅದು ಎಂಪೋರಿಯಂ ಆಗಿಯೇ ಆಗುತ್ತದೆ. ಅದಕ್ಕೊಂದು ಕೆಲಸ ಕೊಡಬೇಕು. ಸದ್ದು ಹೀರುವ ಕೆಲಸ, ಬೆಳಕು ಸೋಸುವ ಕೆಲಸ, ಬೆನ್ನಿಗೆ ಆಸರೆ ಕೊಡುವ ಕೆಲಸ, ಕಾಲಿಗೆ ಹಿಡಿತ ಕೊಡುವ ಕೆಲಸ. ಆ ವಸ್ತು ತೆಗೆದರೆ ಕೋಣೆಗೆ ಏನಾದರೂ ಕೊರತೆ ಆಗಬೇಕು. ಆಗಲಿಲ್ಲ ಅಂದರೆ ಅದು ಸುಮ್ನೆ ಅಲಂಕಾರ. ಇನ್ನೊಂದು ಮಾತು. ಹೋಟೆಲ್‌ನಲ್ಲಿ ಒಂದು ವಸ್ತು ಉಳಿಯುತ್ತದೋ ಇಲ್ಲವೋ ಅನ್ನುವುದು ಡಿಸೈನರ್ ಕೈಯಲ್ಲಿಲ್ಲ. ದಿನಾ ಬೆಳಿಗ್ಗೆ ಬಕೆಟ್, ಬಟ್ಟೆ, ಸ್ಪ್ರೇ ಬಾಟಲಿ ಹಿಡಿದು ಬರುವ ಹೌಸ್‌ಕೀಪಿಂಗ್ ಹುಡುಗನ ಕೈಯಲ್ಲಿದೆ. ಹಾಗಾಗಿ ಯಾವುದನ್ನೇ ಆರಿಸುವಾಗಲೂ ಮೊದಲು ಕೇಳಬೇಕಾದ್ದು "ಇದನ್ನು ಹೇಗೆ ಒರೆಸುತ್ತಾರೆ?" ಅಂತ.

ನೀವಿರುವ ಜಾಗ ಈ ವಿಷಯದಲ್ಲಿ ಬಹಳ ಅನುಕೂಲದ್ದು. ಹೊಳೆ ಆಚೆ ಆನೆಗೊಂದಿಯಲ್ಲಿ ಬಾಳೆ ನಾರಿನ ಕೆಲಸ ಇದೆ. ಕೊಪ್ಪಳದ ಹತ್ತಿರ ಕಿನ್ನಾಳ. ಪಕ್ಕದಲ್ಲೇ ಸಂಡೂರು, ಅಲ್ಲಿ ಲಂಬಾಣಿ ಕಸೂತಿ. ಸ್ವಲ್ಪ ಮೇಲಕ್ಕೆ ಹೋದರೆ ಸೀರೆಯ ಇಳಕಲ್, ಕುಪ್ಪಸದ ಖಣ ನೇಯುವ ಗುಳೇದಗುಡ್ಡ. ಪಶ್ಚಿಮಕ್ಕೆ ನವಲಗುಂದದ ಜಮಖಾನ, ದಕ್ಷಿಣಕ್ಕೆ ಚಳ್ಳಕೆರೆ ಕಡೆಯ ಕಂಬಳಿ. ಕಲ್ಲಂತೂ ಕಾಲ ಕೆಳಗೇ ಇದೆ. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರುವಷ್ಟು ದೂರದಲ್ಲಿ ಇಷ್ಟೆಲ್ಲ ಇರುವಾಗ ಬೀದರ್, ಚನ್ನಪಟ್ಟಣದವರೆಗೆ ಹೋಗುವ ಅಗತ್ಯ ಇಲ್ಲ. ಎರಡು ವರ್ಷ ಬಿಟ್ಟು ಒಂದು ಪ್ಯಾನೆಲ್ ಹರಿದಾಗ ಅದನ್ನು ಮಾಡಿದವರೇ ಬಂದು ರಿಪೇರಿ ಮಾಡಿಕೊಡುವ ದೂರದಲ್ಲಿರುವುದು ನಿಮ್ಮ ಮಟ್ಟಿಗೆ 'ಲೋಕಲ್'. ಕರ್ನಾಟಕದ್ದು ಅಂದ ಮಾತ್ರಕ್ಕೆ ಎಲ್ಲವೂ ನಿಮ್ಮದಾಗಬೇಕಿಲ್ಲ.

ದೂರದ ಆ ಎರಡರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಚನ್ನಪಟ್ಟಣದ ಬಣ್ಣ ಅಂದರೆ ಅರಗು. ತಿರುಗಣಿಯಲ್ಲಿ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಅಂಟಿಕೊಳ್ಳುತ್ತದೆ. ಬಿಸಿಗೆ ಅಂಟುವುದು ಬಿಸಿಗೆ ಮೆತ್ತಗೂ ಆಗುತ್ತದೆ. ಅದರ ಮೇಲೆ ಬಿಸಿ ಚಹಾ ಲೋಟ ಇಟ್ಟರೆ ಗುರುತು ಬೀಳಬಹುದು. ಇನ್ನು ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಸ್ಯಾನಿಟೈಸರ್ ಹಾಕಿ ದಿನಾ ಒರೆಸಿದರೆ ಅರಗು ಹಚ್ಚಿದ ಬಾಗಿಲಿನ ಹಿಡಿ ಕೆಲವೇ ದಿನದಲ್ಲಿ ಮಂಕಾಗಿ ಅಂಟಂಟಾಗುತ್ತದೆ. ಬಿದರಿಯದು ಇನ್ನೊಂದು ಕಥೆ. ಅದು ಸತು ಜಾಸ್ತಿ, ತಾಮ್ರ ಕಡಿಮೆ ಇರುವ ಮಿಶ್ರಲೋಹ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಲವಣ ಬೆರೆಸಿ ಅದನ್ನು ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಆ ಕಪ್ಪು ಮೇಲಿನ ತೆಳು ಪದರ. ಹಿತ್ತಾಳೆ ಉಜ್ಜುವ ಪಾಲಿಶ್ ಹಾಕಿ ಯಾರಾದರೂ ತಿಕ್ಕಿದರೆ ಕಪ್ಪೇ ಹೋಗಿಬಿಡುತ್ತದೆ. ಅದಕ್ಕೆ ಬೇಕಾದ್ದು ನಾಲ್ಕು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ. ಅಣ್ಣನವರಿಗೆ ಬಿದರಿ ಬೇಕೇ ಬೇಕು ಅಂದರೆ ರಿಸೆಪ್ಷನ್ ಹಿಂದೆ, ಕೈಗೆ ಎಟುಕದ ಎತ್ತರದಲ್ಲಿ, ಒಂದೇ ಒಂದು ಒಳ್ಳೆಯ ತಟ್ಟೆ ಇಡಿ. ಹೂಜಿ ಬೇಡ. ಆ ಲೋಹ ಪೆಡಸು, ಬಿದ್ದರೆ ಒಡೆಯುತ್ತದೆ.

ಈಗ ಲಾಬಿ. ನಿಮ್ಮ ಆರ್ಕಿಟೆಕ್ಟ್ ಅಲ್ಲಿ ಬೂದು ವಿಟ್ರಿಫೈಡ್ ಟೈಲ್ ಹಾಕಿರುತ್ತಾರೆ ಅನ್ನಿಸುತ್ತದೆ. ಅದನ್ನು ತೆಗೆಸಿ ಗ್ರಾನೈಟ್ ಹಾಕಿಸಿ. ಹೊರಗೆ ಬಂಡೆಗಳೇ ತುಂಬಿರುವ ಊರಲ್ಲಿ ಒಳಗೆ ಕಲ್ಲಿನ ಚಿತ್ರ ಅಚ್ಚಾದ ಟೈಲ್ ಯಾಕೆ ಅಲ್ವಾ? ಇಳಕಲ್, ಕುಷ್ಟಗಿ ಕಡೆಯ ಗುಲಾಬಿ-ಕೆಂಪು ಗ್ರಾನೈಟ್ ಬೇರೆ ದೇಶಗಳಿಗೆ ಹೋಗುತ್ತದೆ. ನಮ್ಮವರು ಅದನ್ನು ಕನ್ನಡಿ ಹಾಗೆ ಪಾಲಿಶ್ ಮಾಡಿಸಿ ಅದರ ಗುಣವನ್ನೇ ಮುಚ್ಚಿಬಿಡುತ್ತಾರೆ. ನೀವು ಬಾಗಿಲ ಬಳಿ ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ಕೇಳಿ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಜಾರುವುದಿಲ್ಲ. ಒಳಗಡೆ ಲೆದರ್ ಫಿನಿಶ್ ಸಾಕು. ಹೊಳಪು ಕಡಿಮೆ, ಮುಟ್ಟಿದರೆ ಕಲ್ಲಿನ ಉಬ್ಬು ತಗ್ಗು ಗೊತ್ತಾಗುತ್ತದೆ.

ಕೈಕೆಲಸ ಕಾಣಬೇಕಾದ ಜಾಗ ರಿಸೆಪ್ಷನ್ ಹಿಂದಿನ ಗೋಡೆ. ಅಲ್ಲಿ ಕಲ್ಲುಕುಟಿಗರಿಂದ ಉಳಿಪೆಟ್ಟಿನ ಹೊದಿಕೆ ಮಾಡಿಸಿ. ವಿಗ್ರಹ ಬೇಡ, ಬಳ್ಳಿ ಬೇಡ, ಆನೆ ಸಾಲು ಬೇಡ. ಬರೀ ಉಳಿಯ ಗೆರೆ. ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಬೆಳಕು ಬಿಟ್ಟರೆ ಒಂದೊಂದು ಪೆಟ್ಟಿಗೂ ನೆರಳು ಬೀಳುತ್ತದೆ. ಇದಕ್ಕಿಂತ ಆಧುನಿಕವಾಗಿ ಕಾಣುವ ಗೋಡೆ ಯಾವ ಕ್ಯಾಟಲಾಗ್‌ನಲ್ಲೂ ಸಿಗಲ್ಲ. ಆದರೆ ಒಂದು ಲೆಕ್ಕ ಮೊದಲೇ ಹಾಕಿಕೊಳ್ಳಿ. 18-20 ಮಿಲಿಮೀಟರ್ ಸ್ಲ್ಯಾಬ್ ಮೇಲೆ ಉಳಿ ಬಿದ್ದರೆ ಬಿರುಕು ಬಿಡುವ ಭಯ ಇದೆ. ಕನಿಷ್ಠ 30 ಮಿಲಿಮೀಟರ್ ದಪ್ಪ ಬೇಕು. ಆ ದಪ್ಪಕ್ಕೆ ಒಂದು ಚದರ ಮೀಟರ್ ಕಲ್ಲು ಸುಮಾರು 80 ಕಿಲೋ ತೂಗುತ್ತದೆ. ಬರೀ ಅಂಟು ನಂಬಿ ಗೋಡೆಗೆ ಹಚ್ಚುವ ತೂಕ ಅಲ್ಲ ಅದು. ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿ ಕೂರಿಸಬೇಕು. ಹಿಂದಿನ ಗೋಡೆ ಇಟ್ಟಿಗೆಯದೋ ಟೊಳ್ಳು ಬ್ಲಾಕಿನದೋ ಅಂತ ಆರ್ಕಿಟೆಕ್ಟ್ ಮೊದಲೇ ನೋಡಿರಬೇಕು.

ಶಹಾಬಾದ್ ಕಲ್ಲು ಅಗ್ಗ ಅಂತ ಬಾತ್‌ರೂಮಿಗೆ ಹಾಕಿಸೋಣ ಅಂತ ಯಾರಾದರೂ ಹೇಳಬಹುದು. ಅದು ಸುಣ್ಣದ ಕಲ್ಲು. ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದ ಕಡೆಯೆಲ್ಲ ಬಿಳಿಚಿಕೊಳ್ಳುತ್ತದೆ. ನಂಬಿಕೆ ಬರಲಿಲ್ಲ ಅಂದರೆ ಒಂದು ತುಂಡಿನ ಮೇಲೆ ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ವರಾಂಡಕ್ಕೆ, ಅಂಗಳದ ದಾರಿಗೆ ಅದು ಬಹಳ ಚೆನ್ನ. ಬಾತ್‌ರೂಮಿಗೆ ಬೇಡ.

ಕಲ್ಲಿನ ನೆಲ, ಕಲ್ಲಿನ ಗೋಡೆ, ಮೇಲೆ ಜಿಪ್ಸಂ ಸೀಲಿಂಗ್ ಅಂದರೆ ಲಾಬಿಯಲ್ಲಿ ಎರಡು ಕುಟುಂಬ ಮಾತಾಡಿದರೂ ಸಂತೆ ಗದ್ದಲ. ಇಲ್ಲಿ ಕಂಬಳಿಗೆ ಕೆಲಸ ಸಿಗುತ್ತದೆ. ದಖ್ಖನಿ ಕುರಿಯ ಒರಟು ಉಣ್ಣೆ, ಬಣ್ಣ ಹಾಕದ ಕಪ್ಪು, ಕಂದು, ಬೂದು. ನೇಯುವ ಮುಂಚೆ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಅದಕ್ಕೇ ಆ ಬಿಗಿ. ಈ ಕಂಬಳಿಯನ್ನು ಮರದ ಚೌಕಟ್ಟಿಗೆ ಎಳೆದು ಕಟ್ಟಿ, ಗೋಡೆಯಿಂದ ಐದು ಸೆಂಟಿಮೀಟರ್ ದೂರ ಬಿಟ್ಟು, ಒಳಗೆ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ಹತ್ತಿಯಂಥ ನಾರು) ತುಂಬಿ, ತಲೆಗಿಂತ ಮೇಲಿನ ಗೋಡೆಯಲ್ಲಿ ಸಾಲಾಗಿ ಹಾಕಿಸಿ. ಪ್ರತಿಧ್ವನಿ ಇಳಿಯುವುದು ಅವತ್ತೇ ಗೊತ್ತಾಗುತ್ತದೆ. ಕಾರ್ಪೊರೇಟ್ ಆಫೀಸುಗಳಲ್ಲಿ ಇದೇ ಕೆಲಸಕ್ಕೆ ದುಬಾರಿ ಫೆಲ್ಟ್ ತರಿಸುತ್ತಾರೆ. ಉಣ್ಣೆಗೆ ಇನ್ನೊಂದು ಒಳ್ಳೆ ಗುಣ ಇದೆ. ಹತ್ತಿ, ನಾರಿನ ಹಾಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕರಕಲಾಗುತ್ತದೆ, ಕಿಡಿ ತೆಗೆದರೆ ಹೆಚ್ಚಾಗಿ ತಾನೇ ಆರುತ್ತದೆ. ತೊಂದರೆ ಅಂದರೆ ನುಸಿ ಹುಳ, ಮತ್ತೆ ಮೊದಲ ಕೆಲವು ದಿನದ ಕುರಿ ವಾಸನೆ. ಕೂರಿಸುವ ಮುಂಚೆ ಚೆನ್ನಾಗಿ ಬಿಸಿಲಿಗೆ ಹಾಕಿ. ಆಮೇಲೆ ಆಗಾಗ ವ್ಯಾಕ್ಯೂಮ್ ಹೊಡೆದರೆ ಸಾಕು. ಬಳ್ಳಾರಿ ಸೀಮೆಯ ಬಿಸಿಲಿಗೆ ಕೊರತೆ ಇಲ್ಲವಲ್ಲ.

ಕೋಣೆಗಳ ವಿಷಯಕ್ಕೆ ಬರೋಣ. ನಿಜವಾದ ಕೆಲಸ ಇರುವುದು ಇಲ್ಲೇ. ನನ್ನ ಸಲಹೆ: ಒಂದು ಕೋಣೆಗೆ ಚಿತ್ತಾರ ಇರುವ ಕೈಕೆಲಸ ಒಂದೇ ಇರಲಿ. ಮಿಕ್ಕಿದ್ದೆಲ್ಲ ಬರೀ ವಸ್ತುವಿನ ಗುಣದಿಂದ ಮಾತಾಡಲಿ. ಖಣದ ಕೋಣೆಯಲ್ಲಿ ಕಸೂತಿ ಬೇಡ, ಜಮಖಾನದಲ್ಲಿ ನವಿಲು ಇದ್ದರೆ ಪರದೆ ಸಾದಾ ಇರಲಿ.

ಮಂಚದ ಹಿಂದಿನ ಹೆಡ್‌ಬೋರ್ಡ್‌ಗೆ ಬಾಳೆ ನಾರು ಆಗಬಹುದು ಅನ್ನುವುದು ನನ್ನ ಮೊದಲ ಆಯ್ಕೆ. ಗೊನೆ ಕಡಿದ ಮೇಲೆ ತೋಟದಲ್ಲಿ ಉಳಿಯುವ ಬಾಳೆ ದಿಂಡಿನ ಪಟ್ಟೆ ಬಿಚ್ಚಿ, ಒಣಗಿಸಿ, ಸೀಳಿ, ಹೊಸೆದು ಹಗ್ಗ ಮಾಡುತ್ತಾರೆ. ಆನೆಗೊಂದಿಯ ಹೆಣ್ಣುಮಕ್ಕಳು ಇದರಲ್ಲಿ ಚೀಲ, ಬುಟ್ಟಿ, ಚಾಪೆ ಮಾಡುತ್ತಾ ಬಂದಿದ್ದಾರೆ. ಹಗ್ಗದ ಬಣ್ಣ ಒಂದೇ ಸಮ ಇರುವುದಿಲ್ಲ. ಹೊರ ಪಟ್ಟೆಯದು ಕಂದು, ಒಳ ಪಟ್ಟೆಯದು ಹೆಚ್ಚುಕಡಿಮೆ ಕೆನೆ ಬಣ್ಣ. ಇದನ್ನು ದೋಷ ಅಂತ ಬದಿಗೆ ಸರಿಸಬೇಡಿ. ಮೊದಲೇ ವಿಂಗಡಿಸಿಕೊಂಡು, ಕೆಳಗೆ ಕಂದು, ಮೇಲೆ ಹೋಗುತ್ತಾ ಕೆನೆ ಬಣ್ಣ ಬರುವ ಹಾಗೆ ನೇಯಿಸಿ. ಬಣ್ಣ ಹಾಕದೆಯೇ ಡಿಸೈನ್ ಆಯಿತು.

ಕಟ್ಟುವ ಕ್ರಮ ಹೀಗಿರಲಿ. ಕಪ್ಪು ಪೌಡರ್ ಕೋಟ್ ಮಾಡಿದ ತೆಳು ಕಬ್ಬಿಣದ ಚೌಕಟ್ಟು, ಅದಕ್ಕೆ ಹೊರಸು ಹೆಣೆದ ಹಾಗೆ ನಾರಿನ ಹಗ್ಗ. ಡಬಲ್ ಮಂಚಕ್ಕೆ ಒಂದೇ ದೊಡ್ಡ ಚೌಕಟ್ಟು ಬೇಡ, 90 ಸೆಂಟಿಮೀಟರಿನ ಎರಡು ಮಾಡಿಸಿ. ಹೆಣೆಯುವವರ ಕೈ ಅಷ್ಟಗಲಕ್ಕೆ ಆರಾಮಾಗಿ ಎಟುಕುತ್ತದೆ, ಸಾಗಿಸುವುದೂ ಸುಲಭ. ಗೋಡೆಗೆ ಮೊಳೆ ಹೊಡೆದು ಕೂರಿಸದೆ ಓರೆ ಕೊಯ್ದ ಮರದ ಪಟ್ಟಿಗೆ ತೂಗುಹಾಕಿ. ಒಂದು ಹಾಳಾದರೆ ಎತ್ತಿ ತೆಗೆದು ಇನ್ನೊಂದು ಹಾಕಬಹುದು, ಕೋಣೆ ಒಂದು ದಿನವೂ ಖಾಲಿ ಬಿಡಬೇಕಿಲ್ಲ. ಮುಖ್ಯವಾದ ಮಾತು ಈಗ ಬರುತ್ತದೆ. ನಮ್ಮ ಜನ ತಲೆಗೆ ಎಣ್ಣೆ ಹಚ್ಚುತ್ತಾರೆ. ಹಾಸಿಗೆಯಿಂದ ಮೇಲೆ ಸುಮಾರು ಒಂದೂವರೆ ಅಡಿ ಜಾಗ ಎಣ್ಣೆಯದು ಅಂತಲೇ ಲೆಕ್ಕ ಹಾಕಿ. ಅಲ್ಲಿ ನಾರೂ ಬೇಡ, ಬಟ್ಟೆಯೂ ಬೇಡ. ಒರೆಸಬಹುದಾದ ಪಾಲಿಶ್ ಮಾಡಿದ ಮರದ ಹಲಗೆ ಬರಲಿ, ಸ್ವಿಚ್ಚು, ಚಾರ್ಜಿಂಗ್ ಪಾಯಿಂಟ್, ಓದುವ ದೀಪ ಎಲ್ಲ ಅದರಲ್ಲೇ ಕೂರಲಿ. ನಾರು ಅದರ ಮೇಲಿಂದ ಶುರುವಾಗಲಿ. ತಂತಿ, ಸ್ವಿಚ್ ಯಾವುದೂ ನಾರಿನ ಮೂಲಕ ಹೋಗಬಾರದು.

ಒಣ ನಾರು ಬೆಂಕಿಗೆ ಬೇಗ ಸಿಗುತ್ತದೆ. ಹಾಗಾಗಿ ಕೋಣೆಯ ಒಳಗೆ ಮಾತ್ರ. ಕಾರಿಡಾರ್, ಮೆಟ್ಟಿಲು ಅಂದರೆ ಜನ ತಪ್ಪಿಸಿಕೊಂಡು ಓಡುವ ದಾರಿ. ಅಲ್ಲಿ ನಾರು, ಬಟ್ಟೆ, ಚಾಪೆ ಗೋಡೆಗೆ ಹಾಕಲೇಬೇಡಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಯದ್ದೇ. ಆರ್ಕಿಟೆಕ್ಟ್ ಜೊತೆ ಕೂತು ಒಳಗಿನ ಫಿನಿಶ್‌ಗಳ ಪಟ್ಟಿಯನ್ನು ಅದಕ್ಕೆ ಹೊಂದಿಸಿ ನೋಡಿ. ಬೆಂಕಿ ತಡೆಯುವ ಸ್ಪ್ರೇ ಸಿಗುತ್ತದೆ, ಆದರೆ ನಾರಿನ ಬಣ್ಣ ಬದಲಾಗಬಹುದು. ಮೊದಲು ಒಂದು ತುಂಡಿಗೆ ಹೊಡೆದು ನೋಡಿ.

ಖಣದ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ. ಗುಳೇದಗುಡ್ಡದ ಖಣದಷ್ಟು ಅಚ್ಚುಕಟ್ಟಾದ, ಚಿಕ್ಕ ಚಿಕ್ಕ ಚಿತ್ತಾರದ ಬಟ್ಟೆ ಇಂದಿನ ಸಾದಾ ಕೋಣೆಗೆ ಹೊಂದುವ ಹಾಗೆ ಬೇರೆ ಯಾವುದೂ ಹೊಂದುವುದಿಲ್ಲ. ಅದು ಕುಪ್ಪಸಕ್ಕೆ ಅಂತಲೇ ನೇಯ್ದಿದ್ದು, ಹಾಗಾಗಿ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ. ಪರದೆಗೆ ಬಳಸಿದರೆ ಹೊಲಿಗೆ ಮೇಲೆ ಹೊಲಿಗೆ ಬರುತ್ತದೆ. ಸೋಫಾಕ್ಕೂ ಬೇಡ. ಹೋಟೆಲ್ ಸೋಫಾ ಬಟ್ಟೆಗೆ ಮಾರ್ಟಿಂಡೇಲ್ ಉಜ್ಜುವ ಪರೀಕ್ಷೆಯಲ್ಲಿ 30 ಸಾವಿರ ಸುತ್ತು ದಾಟಬೇಕು ಅನ್ನುವುದು ಸಾಮಾನ್ಯ ರೂಢಿ. ಕೈಮಗ್ಗದ ತೆಳು ರೇಷ್ಮೆ-ಹತ್ತಿಯಿಂದ ಅದನ್ನು ಬಯಸುವುದು ಅನ್ಯಾಯ. ಸೋಫಾದ ಕೂರುವ ಭಾಗಕ್ಕೆ ಗಟ್ಟಿ ಮಿಲ್ ಬಟ್ಟೆ ಹಾಕಿ, ಕುಶನ್ನಿಗೆ ಖಣ ಹಾಕಿ. ವಾರ್ಡ್‌ರೋಬ್ ಬಾಗಿಲಿನ ಚೌಕಟ್ಟಿನೊಳಗೆ ಗಾಜಿನ ಹಿಂದೆ ಖಣ ಕೂರಿಸಿದರೆ ಇನ್ನೂ ಚೆನ್ನ. ಕೈ ತಾಗಲ್ಲ, ಕೊಳೆಯಾಗಲ್ಲ, ಬಾಗಿಲಿನ ಅಗಲಕ್ಕೆ ಪನ್ನವೂ ಸರಿಹೋಗುತ್ತದೆ. ಕೊಳ್ಳುವಾಗ ಪವರ್‌ಲೂಮ್ ನಕಲು ಜಾಸ್ತಿ ಸಿಗುತ್ತದೆ. ಹ್ಯಾಂಡ್‌ಲೂಮ್ ಮಾರ್ಕ್ ನೋಡಿ, ಸಾಧ್ಯವಾದರೆ ಮಗ್ಗದ ಮನೆಗೇ ಹೋಗಿ.

ಇಳಕಲ್ ಸೀರೆಯನ್ನು ಕತ್ತರಿಸಿ ಗೋಡೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಇಳಕಲ್‌ನ ಟೋಪಿ ತೆನೆ ಅನ್ನುವ ಸೆರಗಿನ ಹಿಂದೆ ಅಷ್ಟು ಶ್ರಮ ಇದೆ. ಅದನ್ನು ಹೆಡ್‌ಬೋರ್ಡ್ ಮಾಡಿ ಎಣ್ಣೆ ಮೆತ್ತಿಸುವುದು ಯಾಕೆ? ನೇಕಾರರಿಗೆ ಸೆರಗು ಬೇಡ, ಒಡಲು ಮತ್ತು ಅಂಚು ಸಾಕು ಅಂತ ಹೇಳಿ ಪರದೆಗೆ ಬೇಕಾದ ಉದ್ದ ನೇಯಿಸಿಕೊಳ್ಳಿ. ಪರದೆಯ ಒಳ ಬದಿಯಲ್ಲಿ ಇಳಕಲ್ ಸೀರೆಯ ಚಿಕ್ಕಿ ಅಂಚು ಒಂದು ಬಂದರೆ ಸಾಕು, ಗೊತ್ತಿದ್ದವರು ಗುರುತು ಹಿಡಿಯುತ್ತಾರೆ. ಹಿಂದೆ ಲೈನಿಂಗ್ ಹಾಕಲೇಬೇಕು. ನಿಮ್ಮ ಊರಿನ ಬಿಸಿಲಿಗೆ ಪಶ್ಚಿಮದ ಕಿಟಕಿಯಲ್ಲಿ ಯಾವ ಬಣ್ಣವೂ ಬಹಳ ಕಾಲ ತಡೆಯುವುದಿಲ್ಲ.

ಮಂಚದ ಕಾಲ ಬಳಿ ಅಡ್ಡಕ್ಕೆ ಹಾಸುವ ಬೆಡ್ ರನ್ನರ್‌ಗೆ ಲಂಬಾಣಿ ಕಸೂತಿ ಹಾಕಿಸೋಣ ಅಂತ ಎಲ್ಲರೂ ಹೇಳುತ್ತಾರೆ. ಬೇಡ. ಅತಿಥಿ ಅದರ ಮೇಲೆ ಸೂಟ್‌ಕೇಸ್ ಇಡುತ್ತಾನೆ, ಕಾಲು ಚಾಚುತ್ತಾನೆ. ಕನ್ನಡಿ, ಕವಡೆ ಇರುವ ಬಟ್ಟೆಯನ್ನು ಲಾಂಡ್ರಿಗೆ ಹಾಕಲಾಗುವುದಿಲ್ಲ. ಕೊನೆಗೆ ಆ ರನ್ನರ್ ತಿಂಗಳುಗಟ್ಟಲೆ ಒಗೆಯದೇ ಉಳಿಯುತ್ತದೆ. ಸಂಡೂರಿನ ಕೆಲಸ ಬೇಕೆಂದರೆ ಊಟದ ಹಾಲ್‌ನ ಮೇಲಿನ ಗೋಡೆಗೆ, ಬಿಸಿಲು ಬರುವ ಕಿಟಕಿಯ ಎದುರಿಗೆ ಒಂದು ದೊಡ್ಡ ಪಟ ಮಾಡಿಸಿ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅಷ್ಟೂ ಕನ್ನಡಿ ಮಿನುಗಿ ಸೀಲಿಂಗ್ ಮೇಲೆ ಚುಕ್ಕಿ ಬೀಳುತ್ತವೆ. ಮಕ್ಕಳು ಇಡ್ಲಿ ಬಿಟ್ಟು ಅದನ್ನೇ ನೋಡುತ್ತಾರೆ.

ನವಲಗುಂದದ ಜಮಖಾನ ಕೋಣೆಯ ನೆಲಕ್ಕೆ ಸರಿಯಾದದ್ದು. ಹತ್ತಿಯದು, ಎರಡೂ ಕಡೆ ತಿರುಗಿಸಿ ಹಾಕಬಹುದು. ಕೆಳಗೆ ಜಾರದ ರಬ್ಬರ್ ಜಾಲರಿ ಹಾಕಿ, ಇಲ್ಲದಿದ್ದರೆ ನುಣುಪು ನೆಲದ ಮೇಲೆ ಯಾರಾದರೂ ಬೀಳುತ್ತಾರೆ. ನೇಯುವ ಹೆಣ್ಣುಮಕ್ಕಳು ಈಗ ಬಹಳ ಕಡಿಮೆ ಉಳಿದಿದ್ದಾರೆ. 24 ಕೋಣೆಗೂ ಬೇಕು ಅಂದರೆ ತಿಂಗಳುಗಟ್ಟಲೆ ಕಾಯಬೇಕು. ನಾಲ್ಕು ದೊಡ್ಡ ಕೋಣೆಗೆ ಮಾತ್ರ ಹಾಕಿ.

ಕಿನ್ನಾಳದ ಗೊಂಬೆಯ ವಿಷಯದಲ್ಲಿ ಅಣ್ಣನವರ ಕಡೆ ನಾನಿದ್ದೇನೆ, ಆದರೆ ಗೊಂಬೆ ರೂಪದಲ್ಲಿ ಅಲ್ಲ. ಹಗುರ ಮರ, ಮರದ ಹೊಟ್ಟು, ಹುಣಸೆ ಬೀಜದ ಅಂಟು, ಮೇಲೆ ಢಾಳಾದ ಬಣ್ಣ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದದ್ದು ಈ ಚಿತ್ರಗಾರರ ಹಿಂದಿನವರೇ ಅನ್ನುವ ಮಾತೂ ಇದೆ. ಇಷ್ಟು ಗಟ್ಟಿ ಬಣ್ಣ ಹಚ್ಚುವವರ ಕೈಗೆ ಕೋಣೆ ನಂಬರ್ ಹಲಗೆ ಕೊಟ್ಟು ನೋಡಿ. ಸಾದಾ ಚೌಕ, ಒಂದೇ ಗಾಢ ಬಣ್ಣ, ಅದರ ಮೇಲೆ ಉಬ್ಬಿದ ಕನ್ನಡ ಅಂಕಿ. ಕಾರಿಡಾರ್ ಪೂರ್ತಿ ಬಿಳಿ ಇದ್ದರೂ ಅಷ್ಟೇ ಸಾಕು. ಕೆಳಗೆ ಸಣ್ಣದಾಗಿ ಇಂಗ್ಲಿಷ್ ಅಂಕಿಯೂ ಇರಲಿ, ರಾತ್ರಿ ಬಂದ ಹೊರನಾಡಿನವರು ತಡಕಾಡಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಬಾರದು ಅಂತ ಹೌಸ್‌ಕೀಪಿಂಗ್‌ಗೆ ಹೇಳಿ. ಆ ಅಂಟಿಗೆ ನೀರು ಆಗುವುದಿಲ್ಲ.

ಬೆಳಕನ್ನು ಕೊನೆಗೆ ಬಿಡಬೇಡಿ. ಅಗ್ಗದ ಎಲ್‌ಇಡಿ ಕೆಳಗೆ ಖಣದ ಕೆಂಪು ಮಣ್ಣು ಬಣ್ಣಕ್ಕೆ ತಿರುಗುತ್ತದೆ. 2700ರಿಂದ 3000 ಕೆಲ್ವಿನ್ (ಬೆಚ್ಚಗಿನ ಹಳದಿ ಬೆಳಕು), ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲೆ ಅಂತ ಬರೆದು ಕೊಡಿ. ಬಟ್ಟೆ ಆರಿಸುವಾಗ ಅಂಗಡಿ ದೀಪದಲ್ಲಿ ಆರಿಸದೆ ಕೋಣೆಗೆ ಹಾಕುವ ಬಲ್ಬ್ ಕೆಳಗೇ ಹಿಡಿದು ನೋಡಿ.

ಯಾರಾದರೂ "ಹಳೇ ಕೆತ್ತನೆ ಕಂಬ ಇದೆ, ಗುಡಿ ಕಲ್ಲು ಇದೆ, ಕಡಿಮೆಗೆ ಕೊಡುತ್ತೇವೆ" ಅಂತ ಬಂದರೆ ಬಾಗಿಲಲ್ಲೇ ಕಳಿಸಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕೆತ್ತನೆ ಪುರಾತನ ವಸ್ತು ಅನ್ನಿಸಿಕೊಳ್ಳುತ್ತದೆ. ಮಾರುವವರಿಗೆ ಲೈಸೆನ್ಸ್ ಬೇಕು, ಇಟ್ಟುಕೊಳ್ಳುವವರಿಗೆ ನೋಂದಣಿ ಬೇಕಾಗಬಹುದು. ಹಂಪಿ ಪಕ್ಕದಲ್ಲಿ ಕೂತು ಆ ತಲೆನೋವು ಬೇಡ.

ಆರ್ಡರ್ ಕೊಡುವಾಗ ಕುಶಲಕರ್ಮಿಗಳಿಗೆ ಕಂಪ್ಯೂಟರ್‌ನಲ್ಲಿ ಮಾಡಿದ 3ಡಿ ಚಿತ್ರ ತೋರಿಸಬೇಡಿ. ಅದರಲ್ಲಿ ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ನಿಜ ಅಳತೆಯ ಕಾಗದ ಕತ್ತರಿಸಿ ಕೊಡಿ. ಕೈಯಲ್ಲಿ ಮಾಡಿದ ಪ್ಯಾನೆಲ್ ಐದು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಅದಕ್ಕೆ ಅವರನ್ನು ದೂರದೆ, ಸುತ್ತ ಹತ್ತು ಮಿಲಿಮೀಟರ್ ಸಂದು ಬಿಡುವ ಹಾಗೆ ಬಡಗಿಗೆ ಹೇಳಿ. ಆ ಸಂದಿನ ನೆರಳಲ್ಲಿ ವ್ಯತ್ಯಾಸ ಮುಚ್ಚಿಹೋಗುತ್ತದೆ, ಫಿನಿಶಿಂಗ್ ಕೂಡ ಈ ಕಾಲದ್ದು ಅನ್ನಿಸುತ್ತದೆ. ಎಲ್ಲದರಲ್ಲೂ ನೂರಕ್ಕೆ ಹತ್ತರಷ್ಟು ಹೆಚ್ಚುವರಿ ಮಾಡಿಸಿ ಎತ್ತಿಡಿ. ನೂಲು, ನಾರಿಗೆ ಅವರು ಕೈಯಿಂದ ದುಡ್ಡು ಹಾಕಬೇಕಾಗದ ಹಾಗೆ ಅರ್ಧ ಮುಂಗಡ ಕೊಡಿ. ಬಿತ್ತನೆ, ಸುಗ್ಗಿ, ಹಬ್ಬ, ಜಾತ್ರೆಯ ದಿನಗಳಲ್ಲಿ ಕೆಲಸ ನಿಲ್ಲುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟೈಲ್ಸ್ ಕೆಲಸ ಶುರುವಾಗುವ ಹೊತ್ತಿಗೇ ನಾರಿನ, ಮಗ್ಗದ ಆರ್ಡರ್ ಹೋಗಿರಬೇಕು.

ಇಷ್ಟಕ್ಕೂ ಮುಂಚೆ ಒಂದು ಕೋಣೆಯನ್ನು ಪೂರ್ತಿ ಮುಗಿಸಿ. ಹೆಡ್‌ಬೋರ್ಡ್, ಪರದೆ, ದೀಪ, ನಂಬರ್ ಹಲಗೆ ಎಲ್ಲ. ಒಂದು ತಿಂಗಳು ಅದನ್ನು ನಿಜವಾದ ಅತಿಥಿಗಳಿಗೇ ಕೊಡಿ, ದಿನಾ ಮಾಮೂಲಿನಂತೆ ಸ್ವಚ್ಛ ಮಾಡಿಸಿ. ತಿಂಗಳಾದ ಮೇಲೆ ಹೌಸ್‌ಕೀಪಿಂಗ್‌ನವರನ್ನು ಕರೆದು ಎಲ್ಲಿ ಕೊಳೆ ಕೂತಿದೆ, ಏನು ಕಿತ್ತಿದೆ, ಯಾವುದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅಂತ ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಆರ್ಕಿಟೆಕ್ಟ್‌ಗೆ ಕೊಟ್ಟು ಡ್ರಾಯಿಂಗ್ ತಿದ್ದಿಸಿ. ಉಳಿದ 23 ಕೋಣೆಗಳ ಮುಂಗಡ ಅದಾದ ಮೇಲೆ ಹೋಗಲಿ.